ಒಲೆ ಎದ್ದು ನಿಂತ ಮೇಲೆ

ಮೂವತ್ತು ವರ್ಷ ನೆಲದ ಮೇಲೆ ಕೂತೇ ರೊಟ್ಟಿ ಬಡಿದೆ. ವಿಜಯಪುರದ ಎರಡು ಖಾನಾವಳಿಗೆ ನಮ್ಮ ಮನೆಯಿಂದಲೇ ಹೋಗುತ್ತವೆ, ದಿನಕ್ಕೆ 150. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಲೆಕ್ಕವೇ ಇಲ್ಲ. ಒಂದು ಕಾಲು ಮಡಚಿ, ಇನ್ನೊಂದು ನಿಲ್ಲಿಸಿ ಕೂತರೆ ಮೂರು ತಾಸು ಏಳುವ ಮಾತಿಲ್ಲ. 51ಕ್ಕೆ ಮೊಣಕಾಲು ಕಟಕಟ ಅನ್ನತೊಡಗಿತು. ಏಳಬೇಕೆಂದರೆ ಗೋಡೆ ಬೇಕು, ಇಲ್ಲವೇ ಸೊಸೆ ಬೇಕು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಎಳ್ಳೆಣ್ಣೆ ಕಾಯಿಸಿ ತಿಕ್ಕಿದೆ, ಲಕ್ಕಿ ಸೊಪ್ಪಿನ ಶಾಖ ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ಶಾಖಕ್ಕೆ ಜೀವ ಹಾಯ್ ಅನಿಸುತ್ತದೆ, ಈಗಲೂ ಬಿಟ್ಟಿಲ್ಲ. ಸಂತೆಯಲ್ಲಿ ಕೂತಿದ್ದ ಒಬ್ಬನ ಹತ್ತಿರ ಪುಡಿಯ ಪೊಟ್ಟಣ ತಂದೆನಲ್ಲ, ಅದು ತಪ್ಪು. ಮೂರೇ ದಿನಕ್ಕೆ ನೋವು ಮಾಯ. ಒಂದೂವರೆ ತಿಂಗಳಿಗೆ ನನ್ನ ಮುಖ ಒಲೆಯ ಮೇಲಿನ ಚಪಾತಿಯ ಹಾಗೆ ಉಬ್ಬಿತು. “ಇಂಥ ಪುಡ್ಯಾಗ ಸ್ಟೆರಾಯ್ಡ್ ಬೆರಸ್ತಾರವ್ವಾ” ಎಂದು ಡಾಕ್ಟರು ಬೈದರು. ಒಮ್ಮೆಲೇ ನಿಲ್ಲಿಸಿದರೂ ಅಪಾಯವಂತೆ, ಅವರೇ ಹಂತಹಂತವಾಗಿ ಬಿಡಿಸಿದರು. ಒಮ್ಮೆ ಸಕ್ಕರೆ ನೋಡಿಸು ಅಂದಿದ್ದರು. ನಾನು ಹೋಗಲಿಲ್ಲ.

ಎಕ್ಸ್‌ರೇಯಲ್ಲಿ ಮೊಣಕಾಲಿನ ಸಂದು ಕಿರಿದಾಗಿತ್ತು. ಸವೆದದ್ದು ತಿರುಗಿ ಬೆಳೆಯುವುದಿಲ್ಲ, ಆದರೆ ತೊಡೆಯ ಸ್ನಾಯು ಗಟ್ಟಿಯಾದರೆ ಕೀಲಿನ ಭಾರ ಅದು ಹೊರುತ್ತದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ನೋವು ಮೊಣಕಾಲಿನಾಗ, ಕಸರತ್ತು ತೊಡೆಗೆ? ಆದರೂ ಹಿಡಿದೆ. ಬೆಳಿಗ್ಗೆ ರೊಟ್ಟಿಯ ಎಸರು ಕುದಿಯುವಷ್ಟು ಹೊತ್ತು ಕುರ್ಚಿಯ ಮೇಲೆ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸುವುದು. ಹೀಗೆ ಕಾಲಿಗೆ ಹತ್ತು ಸಲ. ರಾತ್ರಿ ಹಾಸಿಗೆಯಲ್ಲಿ ಒಂದು ಕಾಲು ಮಡಚಿ, ಇನ್ನೊಂದನ್ನು ಮೊಳದಷ್ಟು ಎತ್ತಿ ಹಿಡಿಯುವುದು. ಮಾಡುವಾಗ ತುಸು ನೋವಾದರೆ ಇರಲಿ, ಮರುದಿನ ಬೆಳಗಿನವರೆಗೂ ಉಳಿದರೆ ಅವತ್ತು ಕಡಿಮೆ ಮಾಡುತ್ತಿದ್ದೆ. ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ದಿನ ಸೊಸೆಯನ್ನು ಕರೆಯದೆ ಎದ್ದಿದ್ದೆ.

ಇದರ ಜೊತೆಗೇ ಒಲೆಯನ್ನೂ ಎತ್ತರಿಸಿದೆವು. ಇಟ್ಟಿಗೆ ಕಟ್ಟಿ, ಮೇಲೆ ಶಹಾಬಾದ್ ಕಲ್ಲು ಹಾಸಿ, ನಿಂತು ಬಡಿಯುವ ಕಟ್ಟೆ. ಗೌಂಡಿ ತನ್ನ ಅಳತೆಗೆ 36 ಇಂಚು ಕಟ್ಟಿಬಿಟ್ಟ. ನಾನು ಕುಳ್ಳಿ, ಐದಡಿಯೂ ಇಲ್ಲ. ಬಡಿಯಲು ಹೆಗಲು ಎತ್ತಬೇಕು, ನಾದಲು ಮೈಭಾರ ಬೀಳುವುದಿಲ್ಲ. ವಾರದಲ್ಲೇ ಕುತ್ತಿಗೆ ಹಿಡಿಯಿತು. ಒಡೆಸಿ 32ಕ್ಕೆ ಇಳಿಸಿದೆವು. ಮೊಣಕೈ ಮಡಚಿ ನಿಂತರೆ ಹಿಟ್ಟು ಅದಕ್ಕಿಂತ ಒಂದು ಗೇಣಿಗೂ ಕಡಿಮೆ ಕೆಳಗಿರಬೇಕು, ಅದೇ ನನ್ನ ಲೆಕ್ಕ. ದಿನವಿಡೀ ನಿಂತರೂ ಕಾಲು ಬಾಯುತ್ತವೆ. ಅದಕ್ಕೇ ಐವತ್ತು ಬಡಿದ ಮೇಲೆ ಸೊಸೆ ಬಡಿಯುತ್ತಾಳೆ, ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಬೇಯಿಸುತ್ತೇನೆ. ಪಾಯಖಾನೆಗೆ ಕಮೋಡ್ ಕುರ್ಚಿ ಇಟ್ಟೆವು. ಓಣಿಯವರು ನಕ್ಕರು. ನಗಲಿ.

ತೂಕದ ಮಾತು ಡಾಕ್ಟರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಮೈಯಲ್ಲಿ ಒಂದು ಕಿಲೋ ಇಳಿದರೆ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಭಾರ ಮೊಣಕಾಲಿಗೆ ಕಡಿಮೆ. 74ರಿಂದ 68ಕ್ಕೆ ಬಂದೆ. ಅಂದರೆ ಹೆಜ್ಜೆಹೆಜ್ಜೆಗೂ 24 ಕಿಲೋ ಜೋಳದ ಚೀಲ ಕೆಳಗಿಟ್ಟ ಹಾಗೆ.

ಕಾಲು ಸುಧಾರಿಸಿತು ಅನ್ನುವಾಗ ಬಲ ಹೆಗಲು ಹಿಡಿಯಿತು. ರಾತ್ರಿ ಆ ಮಗ್ಗಲು ಮಲಗುವ ಹಾಗಿಲ್ಲ. ಎಲ್ಲರೂ ಕೈಗೆ ವಿಶ್ರಾಂತಿ ಕೊಡು ಅಂದರು, ತಿಂಗಳುಗಟ್ಟಲೆ ಅಲುಗಾಡಿಸದೆ ಇಟ್ಟುಕೊಂಡೆ. ಅದೇ ಎಡವಟ್ಟಾಯಿತು. ತುರುಬು ಕಟ್ಟಲಿಕ್ಕೂ ಕೈ ಏಳದಂತಾಯಿತು. ಫ್ರೋಜನ್ ಶೋಲ್ಡರ್ ಎಂದ ಡಾಕ್ಟರು ಹೆಗಲು ನೋಡಿ ರಕ್ತ ಪರೀಕ್ಷೆಗೆ ಬರೆದಾಗ ನಗು ಬಂತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 168. ಮಧುಮೇಹ ಇದ್ದವರಿಗೆ ಈ ಹೆಗಲು ಹಿಡಿಯುವುದು ಹೆಚ್ಚಂತೆ. ಅವತ್ತೇ ನೋಡಿಸಿದ್ದರೆ ಅಂತ ಈಗ ಅಂದೇನು ಫಲ?

ಹೆಗಲಿನದು ಅವಸರದ ಕೆಲಸವಲ್ಲ. ಒಂದರಿಂದ ಮೂರು ವರ್ಷ ಬೇಕಾಗಬಹುದು ಎಂದು ಮೊದಲೇ ಹೇಳಿದ್ದರು. ಹದಿನೈದು ನಿಮಿಷ ಬಿಸಿನೀರಿನ ಚೀಲ ಇಟ್ಟು, ಎಡಗೈಯಿಂದ ಕಟ್ಟೆ ಹಿಡಿದು ಬಾಗಿ, ಬಲಗೈಯನ್ನು ಜೋತುಬಿಟ್ಟು ಬಾವಿಯ ಕೊಡದ ಹಾಗೆ ತೂಗುವುದು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವುದು. ಜುಮ್ಮೆನ್ನುವ ತನಕ ಹೋಗಬೇಕು, ಕಣ್ಣೀರು ಬರುವ ತನಕ ಬೇಡ. ಜೋರು ಮಾಡಿ ಎಳೆದ ದಿನ ರಾತ್ರಿಯೆಲ್ಲ ಕೂತು ಕಳೆದಿದ್ದೇನೆ. ನೋವಿನ ಗುಳಿಗೆ ಅವರು ಬರೆದಷ್ಟೇ, ಅಂಗಡಿಯಲ್ಲಿ ಕೇಳಿ ತರುವುದನ್ನು ಬಿಟ್ಟೆ. ಕೀಲು ಕೆಂಪಗಾಗಿ ಬಾತು ಜ್ವರ ಬಂದರೆ, ಎಡ ಹೆಗಲಿನ ನೋವಿನ ಜೊತೆ ಎದೆ ಬಿಗಿದು ಬೆವತರೆ, ಶಾಖ ಕೊಡುತ್ತ ಕೂರದೆ ತಡಮಾಡದೆ ದವಾಖಾನೆಗೆ ಬಾ ಎಂದೂ ಹೇಳಿದ್ದಾರೆ.

ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ಮನೆಯವರು ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು, ಪಕ್ಕದಲ್ಲಿ ತಾರೀಖು. ಮೊದಲ ಗೆರೆ ನನ್ನ ಗದ್ದದ ಸಮ ಇತ್ತು. ಹದಿನಾಲ್ಕು ತಿಂಗಳಾದವು, ಈಗ ಬಲಗೈಯ ಗೆರೆ ಎಡಗೈ ಮುಟ್ಟುವ ಗೆರೆಗಿಂತ ನಾಲ್ಕು ಬೆರಳು ಕೆಳಗೆ. ದೀಪಾವಳಿಗೆ ಸುಣ್ಣ ಹಚ್ಚಲು ಬಂದವನಿಗೆ ಆ ಗೋಡೆಯೊಂದು ಬಿಡಪ್ಪಾ ಅಂದೆ.