ಉಸಿರು ಬಿಗಿಹಿಡಿಯದೆ ಮುಳುಗಲು ಕಲಿತ ಬಗೆ

ಗಂಗಾವತಿಯಲ್ಲಿ ಪಂಪ್‌ಸೆಟ್ಟು ಮತ್ತು ಪಿವಿಸಿ ಪೈಪುಗಳ ಅಂಗಡಿ ಇಟ್ಟುಕೊಂಡಿರುವ ನನಗೆ ನೀರಿನ ಒತ್ತಡದ ಲೆಕ್ಕ ಹೊಸದಲ್ಲ. ರೈತರು ಬಂದು ‘ನಾಲ್ಕು ಕೆಜಿ ಪೈಪು ಸಾಕೋ, ಆರು ಕೆಜಿಯದು ಬೇಕೋ’ ಎಂದು ಕೇಳಿದಾಗ, ನೀರು ಎಷ್ಟು ಎತ್ತರಕ್ಕೆ ಏರಬೇಕೆಂದು ವಿಚಾರಿಸಿ, ಹತ್ತು ಮೀಟರಿಗೆ ಒಂದು ಕೆಜಿ (ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ಭಾರದ ಒತ್ತಡ) ಎಂಬ ಅಂದಾಜಿನ ಮೇಲೆ ಉತ್ತರ ಹೇಳುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಅದೇ ಒಂದು ಕೆಜಿ ನನ್ನ ಸ್ವಂತ ಕಿವಿಯ ತಮಟೆಯ ಮೇಲೆ ಕುಳಿತರೆ ಹೇಗಿರುತ್ತದೆಂಬುದು ತಿಳಿದದ್ದು ಮಾತ್ರ ನಲವತ್ತು ದಾಟಿದ ಮೇಲೆ, ಅರಬ್ಬೀ ಸಮುದ್ರದಲ್ಲಿ.

ನಾವು ನಾಲ್ವರು. ಒಬ್ಬ ಅಕ್ಕಿ ಗಿರಣಿಯ ಲೆಕ್ಕಪತ್ರ ನೋಡುವವನು, ಒಬ್ಬ ಟ್ರ್ಯಾಕ್ಟರ್ ಗ್ಯಾರೇಜಿನವನು, ಒಬ್ಬ ಪ್ರೌಢಶಾಲೆಯ ಮೇಷ್ಟ್ರು, ಮತ್ತು ನಾನು. ನಾಲ್ವರೂ ಈಸು ಕಲಿತದ್ದು ತೋಟದ ಬಾವಿಗಳಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಸಿಕೊಂಡು, ದಂಡೆಯ ಮೇಲಿಂದ ದೊಡ್ಡವರು ನೂಕಿದ ಮೇಲೆ. ಬುರುಡೆ ಬಿಚ್ಚಿದ ನಂತರದ ಪರೀಕ್ಷೆ ಎಂದರೆ ಬಾವಿಯ ತಳ ಮುಟ್ಟಿ ಒಂದು ಹಿಡಿ ಕೆಸರನ್ನು ಮೇಲೆ ತಂದು ತೋರಿಸುವುದು. ಯಾರು ಹೆಚ್ಚು ಹೊತ್ತು ದಮ್ಮು ಹಿಡಿಯುತ್ತಾರೋ ಅವರೇ ಗಟ್ಟಿಗರು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಉಸಿರಾಡುತ್ತಲೇ ಮುಳುಗುವ ಸ್ಕೂಬಾ ಕಲಿಯಲು ಹೋದಾಗ ನಮಗೆ ಅತ್ಯಂತ ಕಷ್ಟವಾದದ್ದು ಈ ಗಟ್ಟಿತನವನ್ನು ಬಿಡುವುದೇ ಆಗಿತ್ತು. ನೀರೆಂದರೆ ಹೆದರುವ ಬೆಂಗಳೂರಿನ ಹುಡುಗರು ನಮಗಿಂತ ಬೇಗ ಕಲಿತರು ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಮೊದಲು ನಮಗೆ ಬಂದ ವಿಚಾರವೇ ಬೇರೆಯಾಗಿತ್ತು. ಸಮುದ್ರದವರೆಗೆ ಯಾಕೆ ಹೋಗಬೇಕು, ಕೊಪ್ಪಳ, ಕುಷ್ಟಗಿಗಳ ಸುತ್ತ ಕೆಲಸ ನಿಂತು ನೀರು ತುಂಬಿರುವ ಗ್ರಾನೈಟ್ ಕ್ವಾರಿಗಳಿವೆ, ಬೇಸಿಗೆಯಲ್ಲಿ ಅವುಗಳ ನೀರು ಹಸಿರು ಗಾಜಿನಂತೆ ತಿಳಿಯಾಗಿರುತ್ತದೆ, ಒಂದು ಸಿಲಿಂಡರ್ ತಂದರೆ ಆಯಿತು ಎಂದು ಗ್ಯಾರೇಜಿನ ಗೆಳೆಯ ವಾದಿಸಿದ. ಗಾಳಿ ತುಂಬಿಸುವುದೆಲ್ಲಿ ಎಂದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತೋರಿಸಿದ. ಅದು ಆಗದಿದ್ದರೆ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಸಿಗುತ್ತದೆ ಎಂದ. ಈ ಎರಡೂ ಮಾತುಗಳನ್ನು ನಾನು ಬೇರೆ ಕಡೆಯೂ ಕೇಳಿರುವುದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುವುದು ಒಳ್ಳೆಯದು. ಪಂಕ್ಚರ್ ಅಂಗಡಿಯ ಯಂತ್ರ ಹತ್ತು ಕೆಜಿಯ ಆಸುಪಾಸಿಗೆ ದಣಿಯುತ್ತದೆ, ಮುಳುಗುವವರ ಸಿಲಿಂಡರಿಗೆ ತುಂಬುವುದು ಇನ್ನೂರು. ಅದಕ್ಕಿಂತ ಮುಖ್ಯವಾಗಿ, ಆ ಯಂತ್ರದ ಗಾಳಿಯಲ್ಲಿ ಎಣ್ಣೆಯ ಆವಿ ಬೆರೆತಿರುತ್ತದೆ, ಪಕ್ಕದಲ್ಲಿ ಡೀಸೆಲ್ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಸೇರುತ್ತದೆ. ನೆಲದ ಮೇಲೆ ತಲೆನೋವು ತರುವಷ್ಟು ವಿಷವು ನೀರಿನ ಒತ್ತಡದಲ್ಲಿ ಪ್ರಜ್ಞೆಯನ್ನೇ ತಪ್ಪಿಸಬಲ್ಲದು. ಇನ್ನು ಆಕ್ಸಿಜನ್ ಮಾತು. ಸ್ಕೂಬಾ ಸಿಲಿಂಡರಿನಲ್ಲಿರುವುದು ನಾವು ದಿನವೂ ಉಸಿರಾಡುವ ಸಾಮಾನ್ಯ ಗಾಳಿಯೇ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಆರು ಮೀಟರಿಗಿಂತ ಕೆಳಗೆ ವಿಷವಾಗಿ ಪರಿಣಮಿಸಿ, ಮೂರ್ಛೆರೋಗದಂತಹ ಸೆಳೆತ ತರಬಹುದು. ನೀರೊಳಗೆ ಸೆಳೆತ ಬಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಿಂದ ಜಾರುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ಕ್ವಾರಿಯ ವಿಚಾರವನ್ನು ಮುಂದೆ ನಮಗೆ ಕಲಿಸಿದ ತರಬೇತುದಾರರ ಮುಂದಿಟ್ಟಾಗ ಅವರು ಕೇಳಿದ ಮೊದಲ ಪ್ರಶ್ನೆ, ನಿಮ್ಮೂರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಮುನ್ನೂರು ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗುವುದನ್ನು ಅವರ ಶಾಸ್ತ್ರದಲ್ಲಿ ಎತ್ತರದ ಡೈವ್ ಎಂದು ಬೇರೆಯಾಗಿಯೇ ಎಣಿಸುತ್ತಾರೆ, ಏಕೆಂದರೆ ಮೇಲೆ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಆಳದ ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಗುಳ್ಳೆಗಟ್ಟದೆ ಮೆಲ್ಲಗೆ ಹೊರಬರಬೇಕಾದ ಲೆಕ್ಕ ಬದಲಾಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಪೂರ್ಣ ಮಟ್ಟ 1,633 ಅಡಿ, ಅಂದರೆ ಸುಮಾರು 498 ಮೀಟರ್. ನಮ್ಮ ಬಯಲುಸೀಮೆ ಬಯಲಾಗಿ ಕಂಡರೂ ಲೆಕ್ಕದಲ್ಲಿ ಎತ್ತರದ ಮೇಲಿದೆ. ಹೊಳೆಯ ವಿಷಯವಂತೂ ಎತ್ತುವ ಹಾಗೇ ಇಲ್ಲ. ತುಂಗಭದ್ರೆಯ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿಗಳ ಸಂರಕ್ಷಿತ ತಾಣವಾಗಿದೆ, ಅದೇ ನೀರಿನಲ್ಲಿ ಮೊಸಳೆಗಳೂ ಇವೆ, ಬಂಡೆಗಳ ನಡುವಿನ ಸುಳಿಗಳೂ ಇವೆ. ಸಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿ ತಿರುಗುವುದು ಒಂದು ಮಾತು, ಅದರ ತಳಕ್ಕೆ ಸಿಲಿಂಡರ್ ಹೊತ್ತು ಇಳಿಯುವುದು ಇನ್ನೊಂದು.

ಹಾಗಾಗಿ ಊರಿನಲ್ಲಿ ನಾವು ಮಾಡಿಕೊಂಡದ್ದು ಇಷ್ಟೇ: ಮೇಷ್ಟ್ರ ತೋಟದ ಬಾವಿಯಲ್ಲಿ, ಮೆಟ್ಟಿಲು ಇರುವ ಕಡೆ, ಎದೆಮಟ್ಟದ ನೀರಿನಲ್ಲಿ ನಿಂತು, ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಮತ್ತು ಸ್ನಾರ್ಕೆಲ್ ಎಂಬ ಉಸಿರಿನ ಕೊಳವೆ ಮಾತ್ರ ಹಾಕಿಕೊಂಡು ಅಭ್ಯಾಸ. ಮಾಸ್ಕಿನೊಳಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಟ್ಟು ಆ ನೀರನ್ನು ಕೆಳಗಿನಿಂದ ಹೊರದೂಡುವುದನ್ನು ಎರಡು ವಾರ ಮಾಡಿದೆವು. ಬಟ್ಟೆ ಒಗೆಯಲು ಬಂದ ಹೆಂಗಸರು ‘ಇವರಿಗೇನು ಬಂತು’ ಎಂದು ನಕ್ಕರೂ, ಸಮುದ್ರದಲ್ಲಿ ನಮ್ಮನ್ನು ಉಳಿಸಿದ ಅಭ್ಯಾಸ ಇದೇ. ಮಾಸ್ಕಿಗೆ ನೀರು ನುಗ್ಗಿದಾಗ ಗಾಬರಿಯಾಗದವನು ಅರ್ಧ ಕಲಿತಂತೆ.

ಮೊದಲ ಪ್ರಯಾಣ ಗೋವಾದ ಗ್ರಾಂಡೆ ದ್ವೀಪಕ್ಕೆ. ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. ಆ ದಿನ ನೀರು ಹೊಸದಾಗಿ ಬಿಟ್ಟ ಕಾಲುವೆಯ ನೀರಿನಂತೆ ಕದಡಿತ್ತು, ಚಾಚಿದ ಕೈ ದಾಟಿ ಎರಡು ಮಾರು ಕಾಣುತ್ತಿರಲಿಲ್ಲ, ಮುಳುಗಿದ ಹಡಗಿನ ತುಕ್ಕು ತಗಡುಗಳ ಮೇಲೆ ಮೀನುಗಳ ನೆರಳು ಸರಿದದ್ದೇ ನೆನಪು. ತರಬೇತುದಾರ ನನ್ನನ್ನು ಸಿಲಿಂಡರಿನ ಕುತ್ತಿಗೆ ಹಿಡಿದು ಸಂತೆಯ ಹೋರಿಯಂತೆ ತಿರುಗಿಸಿ, ಫೋಟೋ ತೆಗೆದು, ಇಪ್ಪತ್ತು ನಿಮಿಷಕ್ಕೆ ಮೇಲೆ ಬಿಟ್ಟ. ಮುಂದೊಮ್ಮೆ ಮಾಲ್ವಣದಲ್ಲಿ ಸಿಂಧುದುರ್ಗ ಕೋಟೆಯ ಹತ್ತಿರ ಮುಳುಗಿದಾಗಲೂ ಇದೇ ಪದ್ಧತಿಯಿತ್ತು. ಮೊದಲ ಬಾರಿ ನೋಡುವವರಿಗೆ ಅದು ಸಾಕು. ನಾವು ಸ್ವಂತವಾಗಿ ಈಸಬೇಕು ಎಂದುಕೊಂಡವರು, ಆದ್ದರಿಂದ ಮುರುಡೇಶ್ವರದಲ್ಲಿ ನಾಲ್ಕು ದಿನ ಉಳಿದು ಓಪನ್ ವಾಟರ್ ಎಂಬ ಆರಂಭಿಕ ಸ್ಕೂಬಾ ತರಬೇತಿ ಪಡೆದೆವು. ಹದಿನೆಂಟು ಮೀಟರ್ ಆಳದವರೆಗೆ ಜೊತೆಗಾರನೊಂದಿಗೆ ಮುಳುಗಲು ಅದರಿಂದ ಪರವಾನಿಗೆ ಸಿಗುತ್ತದೆ. ಸೇರುವ ಮುನ್ನ ಆರೋಗ್ಯದ ಪ್ರಶ್ನಾವಳಿ ತುಂಬಬೇಕು. ಗಿರಣಿಯ ಗೆಳೆಯನಿಗೆ ಭತ್ತದ ಧೂಳಿನಿಂದ ಹತ್ತಿದ ಆಸ್ತಮಾ ಇದೆ. ಅದನ್ನು ಮುಚ್ಚಿಡೋಣವೇ ಎಂದು ಅವನು ಕೇಳಿದ, ನಾವು ಒಪ್ಪಲಿಲ್ಲ. ಅವನು ಆ ನಾಲ್ಕು ದಿನವೂ ದೋಣಿಯ ಪಕ್ಕದಲ್ಲಿ ಸ್ನಾರ್ಕೆಲ್ ಹಾಕಿಕೊಂಡು ತೇಲಿದ, ಮತ್ತು ನಮ್ಮೆಲ್ಲರಿಗಿಂತ ಮೊದಲು ಆಮೆ ಕಂಡವನು ಅವನೇ.

ಒತ್ತಡದ ಪಾಠ ನಡೆಯುವಾಗ ನಮಗೆ ಊರಿನ ಉದಾಹರಣೆಯೇ ಒದಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದನ್ನು ನಮ್ಮ ಕಡೆಯವರು ಯಾರೂ ಮರೆಯುವಂತಿಲ್ಲ. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಆ ಗೇಟಿನ ಮೇಲೆ ತುಂಬಿದ ಜಲಾಶಯ ಹಾಕುವ ಭಾರ ಎಷ್ಟೆಂದು ನಾನು ಅಂಗಡಿಯ ಲೆಕ್ಕದಂತೆ ಗುಣಿಸಿ ನೋಡಿದರೆ ಮುನ್ನೂರು ಟನ್ನಿಗೂ ಮೇಲೆ ಬಂತು. ಅಷ್ಟು ಭಾರ ಹುಟ್ಟಲು ಬೇಕಾದದ್ದು ಇಪ್ಪತ್ತೇ ಅಡಿ ನೀರು. ನಾವು ಇಳಿಯುವುದು ಅದರ ಎರಡು ಪಟ್ಟು, ಮೂರು ಪಟ್ಟು ಆಳಕ್ಕೆ. ದೇಹದ ಬಹುಪಾಲು ನೀರೇ ಆಗಿರುವುದರಿಂದ ಅದು ಜಗ್ಗುವುದಿಲ್ಲ. ಗಾಳಿ ಇರುವ ಜಾಗಗಳು ಮಾತ್ರ, ಅಂದರೆ ಕಿವಿ, ಮೂಗಿನ ಸುತ್ತಲಿನ ಪೊಳ್ಳು, ಮಾಸ್ಕು, ಶ್ವಾಸಕೋಶ, ಇವು ಲೆಕ್ಕ ಕೇಳುತ್ತವೆ. ಮೊದಲ ಹತ್ತು ಮೀಟರಿನಲ್ಲೇ ಒತ್ತಡ ಎರಡರಷ್ಟಾಗುವುದರಿಂದ ಕಿವಿ ನೋಯುವುದು ಆಳದಲ್ಲಲ್ಲ, ಇಳಿಯಲು ತೊಡಗಿದ ಕೂಡಲೇ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿ ಬಿಡಿಸಿಕೊಳ್ಳಬೇಕು, ಅದೂ ನೋವು ಬರುವ ಮೊದಲೇ, ಒಂದೊಂದು ಮೀಟರಿಗೂ. ನೆಗಡಿಯಿದ್ದ ಮೇಷ್ಟ್ರು ಮಾತ್ರೆ ನುಂಗಿ ಇಳಿಯಲು ಹೊರಟು ಮೂರು ಮೀಟರಿನಲ್ಲಿ ಮುಖ ಕಿವುಚಿ ಹಿಂದಿರುಗಿದರು; ಆ ದಿನದ ಡೈವ್ ಅವರ ಪಾಲಿಗೆ ಹೋಯಿತು.

ನಾವು ಮುಳುಗಲು ಹೋಗುತ್ತಿದ್ದ ನೇತ್ರಾಣಿ ದ್ವೀಪ ಮುರುಡೇಶ್ವರದ ದಂಡೆಯಿಂದ ಸುಮಾರು ಹತ್ತೊಂಬತ್ತು ಕಿಲೋಮೀಟರ್ ಒಳಗಿದೆ, ದೋಣಿಯಲ್ಲಿ ಒಂದೂವರೆ ತಾಸಿನ ದಾರಿ. ಮಳೆಗಾಲದಲ್ಲಿ ಎಲ್ಲವೂ ಬಂದ್. ಅಕ್ಟೋಬರಿನಿಂದ ಮೇವರೆಗೆ ಮಾತ್ರ ಹೋಗಬಹುದು, ಅದರಲ್ಲಿಯೂ ಡಿಸೆಂಬರ್, ಜನವರಿಗಳೇ ಉತ್ತಮವೆಂದು ನನ್ನ ಅನುಭವ. ಹಿಂದಿನ ದಿನ ಬರುವ ದಾರಿಯಲ್ಲಿ ಹುಬ್ಬಳ್ಳಿಯಲ್ಲಿ ಗಿರ್ಮಿಟ್ಟು, ಮಿರ್ಚಿ ಹೊಡೆದಿದ್ದ ಗ್ಯಾರೇಜಿನ ಗೆಳೆಯ ಗೋಪುರ ಕಣ್ಮರೆಯಾಗುವ ಮೊದಲೇ ದೋಣಿಯ ಅಂಚಿಗೆ ಬಾಗಿದ. ಸಮುದ್ರಬೇನೆಯ ಮಾತ್ರೆಯನ್ನು ಹೊರಡುವ ಒಂದು ತಾಸು ಮೊದಲೇ ನುಂಗಬೇಕು, ಬೇನೆ ಶುರುವಾದ ಮೇಲೆ ನುಂಗಿದರೆ ಅದೂ ಸಮುದ್ರಕ್ಕೇ ಸೇರುತ್ತದೆ.

ಮೂರನೆಯ ಡೈವಿನಲ್ಲಿ ನಡೆದದ್ದನ್ನು ವಿವರವಾಗಿ ಹೇಳಬೇಕು. ಒಂಬತ್ತು ಮೀಟರ್ ಆಳದಲ್ಲಿ, ಬಂಡೆಯ ಗೋಡೆಯ ಪಕ್ಕ, ನಾವು ಮೆಲ್ಲಗೆ ಸಾಗುತ್ತಿದ್ದೆವು. ಗಿಳಿಮೀನುಗಳು ಹವಳವನ್ನು ಕಡಿಯುವ ಕಟಕಟ ಸದ್ದು ಬಾಯಲ್ಲಿ ಕಡಲೆ ಜಗಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಕೆಂಪು ಕೈಚೀಲ ಅಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಏಕೆಂದರೆ ಬೆಳಕಿನ ಕೆಂಪನ್ನು ನೀರು ಮೊದಲು ನುಂಗುತ್ತದೆ. ಬಂಡೆಯ ಬಿರುಕಿನಿಂದ ಹಾವಿನಂತಹ ಮೀನು, ಒಂದು ಮೊರೆ ಈಲ್, ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿದ್ದುದನ್ನು ಕಂಡದ್ದೇ ತಡ, ನನ್ನೊಳಗಿನ ಬಾವಿಯ ಹುಡುಗ ಎಚ್ಚರಗೊಂಡು, ಎದೆ ತುಂಬ ಗಾಳಿ ಎಳೆದು ದಮ್ಮು ಹಿಡಿದುಬಿಟ್ಟ. ಎದೆಯಲ್ಲಿ ಎರಡು ಮೂರು ಲೀಟರ್ ಗಾಳಿ ಹೆಚ್ಚಾದರೆ ನೀರಿನಲ್ಲಿ ಅಷ್ಟೇ ಕಿಲೋ ಭಾರ ಇಳಿಸಿದಂತೆ. ನಾನು ಅರಿವಿಲ್ಲದೆ ಮೇಲಕ್ಕೆ ಏರತೊಡಗಿದೆ. ಏರಿದಂತೆ ಒತ್ತಡ ತಗ್ಗಿ ಎದೆಯ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ಇನ್ನೂ ವೇಗವಾಗಿ ಏರುತ್ತೇವೆ. ಗೋಡೆ ಕೆಳಗೆ ಜಾರುತ್ತಿದೆ ಎಂದಷ್ಟೇ ನನಗೆ ಅನಿಸಿತ್ತು. ಅಷ್ಟರಲ್ಲಿ ಯಾರೋ ನನ್ನ ಪಾದಕ್ಕೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್ ಹಿಡಿದು ಎಳೆದರು. ತರಬೇತುದಾರ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ಎದೆಯ ಮೇಲೆ ಎರಡು ಬಾರಿ ತಟ್ಟಿ, ತನ್ನ ಬಾಯಿಯ ಮುಂದೆ ಕೈಯನ್ನು ನಿಧಾನವಾಗಿ ಹೊರಕ್ಕೆ ಸರಿಸಿದ. ಬಿಡು ಎಂದು. ನಾನು ಉಸಿರು ಬಿಟ್ಟೆ. ಗುಳ್ಳೆಗಳು ಗಳಗಳನೆ ಏರಿದವು, ನಾನು ಇಳಿದೆ.

ದೋಣಿಗೆ ಬಂದ ಮೇಲೆ ಅವರು ಕಾಗದದ ಮೇಲೆ ಬರೆದು ತೋರಿಸಿದರು. ಬಾವಿಯಲ್ಲಿ ನಾವು ದಂಡೆಯ ಮೇಲಿನ ಗಾಳಿ ಎಳೆದುಕೊಂಡು ಮುಳುಗುತ್ತೇವೆ. ಕೆಳಗೆ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಹಾಗಾಗಿ ದಮ್ಮು ಹಿಡಿದವನ ಶ್ವಾಸಕೋಶ ಹಿಗ್ಗಿ ಹರಿಯುವ ಭಯವಿಲ್ಲ. ಸಿಲಿಂಡರಿನವನು ಮಾತ್ರ ಎಳೆದುಕೊಳ್ಳುವುದು ಆ ಆಳದ ಒತ್ತಡದ ಗಾಳಿಯನ್ನು. ಹತ್ತು ಮೀಟರಿನಲ್ಲಿ ಎದೆ ತುಂಬ ಎಳೆದು ಗಂಟಲು ಬಿಗಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟಾಗಿ, ಶ್ವಾಸಕೋಶ ಹರಿದು, ಗುಳ್ಳೆಗಳು ರಕ್ತಕ್ಕೆ ನುಗ್ಗಬಹುದು. ಒಂದೆರಡು ಮೀಟರ್ ಏರಿದರೂ ಈ ಅಪಾಯ ಉಂಟು. ನಾಲ್ಕು ಕೆಜಿ ಪೈಪಿಗೆ ಆರು ಕೆಜಿ ಒತ್ತಡ ಬಿಟ್ಟರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅಂದಿನಿಂದ ನೀರೊಳಗೆ ನನ್ನ ಗುಳ್ಳೆಗಳ ಸದ್ದನ್ನು ನಾನೇ ಕೇಳಿಸಿಕೊಳ್ಳುತ್ತೇನೆ. ಆ ಸದ್ದು ನಿಂತರೆ ನಾನು ತಪ್ಪುತ್ತಿದ್ದೇನೆ ಎಂದರ್ಥ.

ಉಸಿರನ್ನು ನಿಧಾನಗೊಳಿಸಿದ್ದರಿಂದ ಗಾಳಿಯೂ ಉಳಿಯಿತು. ಸಾಮಾನ್ಯವಾಗಿ ಕೊಡುವ ಅಲ್ಯುಮಿನಿಯಂ ಸಿಲಿಂಡರಿನ ಒಳಗಾತ್ರ ಹನ್ನೊಂದು ಲೀಟರ್. ಇನ್ನೂರು ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಒಂದು ಕೆಜಿ ಒತ್ತಡ) ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ನಿಮಿಷಕ್ಕೆ ಇಪ್ಪತ್ತು ಲೀಟರ್ ಎಳೆಯುವವನು ಹತ್ತು ಮೀಟರಿನಲ್ಲಿ ನಲವತ್ತು ಖರ್ಚು ಮಾಡುತ್ತಾನೆ, ಐವತ್ತು ಬಾರ್ ಮೀಸಲು ಬಿಟ್ಟರೆ ನಲವತ್ತು ನಿಮಿಷಕ್ಕೆ ಗಾಳಿ ಮುಗಿಯುತ್ತದೆ. ಮೊದಲ ದಿನ ನಾನು ಇಪ್ಪತ್ತೈದು ನಿಮಿಷಕ್ಕೇ ಒತ್ತಡಮಾಪಕದ ಮುಳ್ಳನ್ನು ಐವತ್ತಕ್ಕೆ ತಂದಿದ್ದೆ. ಈಗ ಅದೇ ಆಳದಲ್ಲಿ ನಲವತ್ತೈದು ನಿಮಿಷ ಇರುತ್ತೇನೆ. ಇನ್ನೊಂದು ಸಣ್ಣ ತೊಡಕು ಸನ್ನೆಯದು. ಹೆಬ್ಬೆರಳು ಎತ್ತಿದರೆ ನೀರೊಳಗೆ ‘ಮೇಲೆ ಹೋಗೋಣ’ ಎಂದರ್ಥ; ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ಗ್ಯಾರೇಜಿನ ಗೆಳೆಯ ಪ್ರತಿಯೊಂದಕ್ಕೂ ಸಂತೋಷದಿಂದ ಹೆಬ್ಬೆರಳು ಎತ್ತುತ್ತಿದ್ದನಾದ್ದರಿಂದ ಒಂದು ಡೈವ್ ಹನ್ನೆರಡೇ ನಿಮಿಷಕ್ಕೆ ಮುಗಿದು, ಅವನೂ ಅವನ ಜೊತೆಗಾರನೂ ಮೇಲೆ ತೇಲುತ್ತ ಒಬ್ಬರನ್ನೊಬ್ಬರು ಬೈದುಕೊಂಡರು.

ಮುಗಿದ ಮೇಲೆ ಊರಿಗೆ ಹಿಂದಿರುಗುವುದರಲ್ಲಿಯೂ ನಮ್ಮ ಸೀಮೆಯವರು ಗಮನಿಸಬೇಕಾದ ಸಂಗತಿಯಿದೆ. ಹಲವು ಡೈವ್‌ಗಳ ನಂತರ ವಿಮಾನ ಹತ್ತುವವರು ಕನಿಷ್ಠ ಹದಿನೆಂಟು ತಾಸು ಕಾಯಬೇಕೆಂಬ ನಿಯಮವನ್ನು ಎಲ್ಲರೂ ಹೇಳುತ್ತಾರೆ. ಕಾರಿನಲ್ಲಿ ಹೋಗುವವರಿಗೆ ಎಚ್ಚರಿಕೆ ಹೇಳುವವರು ಕಡಿಮೆ, ಆದರೆ ಕಡಲ ಮಟ್ಟದಿಂದ ಹೊರಟ ನಮ್ಮ ಕಾರು ಅಂಕೋಲಾ ದಾಟಿ ಅರಬೈಲ್ ಘಟ್ಟ ಏರಿ, ಹುಬ್ಬಳ್ಳಿ, ಗದಗ ಮುಟ್ಟುವಾಗ ಆರುನೂರು ಮೀಟರಿಗೂ ಮೇಲಿರುತ್ತದೆ. ದೇಹದಲ್ಲಿ ಇನ್ನೂ ಸಾರಜನಕ ಉಳಿದಿರುವಾಗ ಹೀಗೆ ಏರುವುದು ಬೇಡವೆಂದು ನಾವು ಕೊನೆಯ ಡೈವಿನ ರಾತ್ರಿ ಅಲ್ಲೇ ಉಳಿದು, ಉಪಕರಣಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಹಾಕಿ, ಮರುದಿನ ಬೆಳಗಿನ ಹತ್ತರ ನಂತರವೇ ಹೊರಟೆವು. ಘಟ್ಟದ ತಿರುವುಗಳಲ್ಲಿ ಕಿವಿ ಕಟ್ಟಿದಂತಾದಾಗ ನಾಲ್ವರೂ ಒಟ್ಟಿಗೆ ಮೂಗು ಹಿಡಿದು ಊದಿದೆವು. ಏರುವಾಗ ಅದು ಬೇಕಿಲ್ಲ, ಕಿವಿ ತಾನಾಗಿಯೇ ಬಿಡುತ್ತದೆ ಎಂದು ನೆನಪಿಸಿದವನು ನೀರಿಗಿಳಿಯದ ಗಿರಣಿಯ ಗೆಳೆಯ. ಅವನ ಕೈಯೂ ಮೂಗಿನ ಮೇಲೆಯೇ ಇತ್ತು.