ಬೋರ್ಡ್ ಮೀಟಿಂಗ್ ನಡಾವಳಿ ಬರೆಯುವುದು, ಕಾಪಾಡುವುದು ಹೇಗೆ?

2001ರ ಫೆಬ್ರುವರಿ 15ರಂದು ಆಸ್ಟ್ರೇಲಿಯಾದ ಜೇಮ್ಸ್ ಹಾರ್ಡಿ ಕಂಪನಿಯ ಬೋರ್ಡ್ ಸಭೆ ನಡೆಯಿತು. ಕಲ್ನಾರಿನಿಂದ (ಆಸ್ಬೆಸ್ಟಾಸ್) ಕಾಯಿಲೆ ಬಿದ್ದವರ ಪರಿಹಾರಕ್ಕೆ ಸಾಕಷ್ಟು ಹಣ ಇದೆ ಎನ್ನುವ ಪ್ರಕಟಣೆಯ ಕರಡಿಗೆ ಬೋರ್ಡ್ ಒಪ್ಪಿತು ಎಂದು ಆ ಸಭೆಯ ನಡಾವಳಿ, ಅಂದರೆ ಸಭೆಯಲ್ಲಿ ನಡೆದದ್ದರ ಲಿಖಿತ ದಾಖಲೆ (ಮಿನಿಟ್ಸ್), ಹೇಳುತ್ತಿತ್ತು. ಆಮೇಲೆ ನೋಡಿದರೆ ಹಣ ಸಾಲಲಿಲ್ಲ. ಕೇಸು ನಡೆದಾಗ, ಅಂಥ ಕರಡಿಗೆ ನಾವು ಒಪ್ಪಿಗೆ ಕೊಟ್ಟೇ ಇಲ್ಲ ಎಂದು ನಿರ್ದೇಶಕರು ವಾದಿಸಿದರು. ಆದರೆ ಮುಂದಿನ ಸಭೆಯಲ್ಲಿ ಆ ನಡಾವಳಿ ಸರಿಯಾಗಿದೆ ಎಂದು ಬೋರ್ಡೇ ಒಪ್ಪಿತ್ತು. 2012ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ನಿರ್ದೇಶಕರ ವಾದ ಒಪ್ಪಲಿಲ್ಲ, ನಡಾವಳಿಯ ಮಾತನ್ನೇ ಎತ್ತಿ ಹಿಡಿಯಿತು.

ಅದಕ್ಕೇ ಹೇಳುವುದು, ನಡಾವಳಿ ಬರೆಯುವುದು ಗುಮಾಸ್ತಗಿರಿ ಅಲ್ಲ. ಆ ಕೋಣೆಯಲ್ಲಿ ಇಲ್ಲದವರು ಹತ್ತು ವರ್ಷದ ನಂತರ ಓದಿದರೂ ಏನು ತೀರ್ಮಾನವಾಯಿತು, ಯಾಕೆ ಆಯಿತು ಎಂದು ತಿಳಿಯಬೇಕು.

ಸಭೆಗೆ ಮೊದಲು ಅಜೆಂಡಾವನ್ನೇ ಇಟ್ಟುಕೊಂಡು ಒಂದು ಖಾಲಿ ನಮೂನೆ ತಯಾರಿಸಿ. ಕಂಪನಿಯ ಹೆಸರು, ಎಷ್ಟನೆಯ ಸಭೆ, ದಿನಾಂಕ, ಜಾಗ, ಶುರುವಾದ ಸಮಯ, ಬಂದವರು, ಬಾರದವರು, ಇಷ್ಟಕ್ಕೆ ಜಾಗ ಬಿಡಿ. ನಿರ್ಣಯದ ವಾಕ್ಯವನ್ನು ಮೊದಲೇ ಟೈಪ್ ಮಾಡಿಟ್ಟುಕೊಳ್ಳುವುದು ತಪ್ಪಲ್ಲ. ಜೇಮ್ಸ್ ಹಾರ್ಡಿಯ ನಡಾವಳಿಯ ಕರಡು ಕೂಡ ಸಭೆಗೆ ಮುಂಚೆಯೇ ಸಿದ್ಧವಾಗಿತ್ತು. ಆದರೆ ಸಭೆಯಲ್ಲಿ ನಡೆದದ್ದಕ್ಕೂ ಕಾಗದದಲ್ಲಿ ಇದ್ದದ್ದಕ್ಕೂ ತಾಳೆ ಇದೆಯಾ ಎಂದು ಸಾಲು ಸಾಲಾಗಿ ನೋಡಲೇಬೇಕು.

ಸಭೆ ಶುರುವಾದ ಕೂಡಲೇ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ, ಇದೆ ಎಂದು ಬರೆಯಿರಿ. ಯಾರಾದರೂ ತಡವಾಗಿ ಬಂದರೆ, ನಡುವೆ ಎದ್ದು ಹೋದರೆ ಸಮಯ ಗುರುತು ಮಾಡಿಕೊಳ್ಳಿ. ಯಾವ ನಿರ್ಣಯಕ್ಕೆ ಯಾರು ಇದ್ದರು ಎನ್ನುವ ಜಗಳ ಹುಟ್ಟುವುದು ಇಲ್ಲೇ.

ಇನ್ನು ಮುಖ್ಯ ಕೆಲಸ. ಆಡಿದ ಮಾತನ್ನೆಲ್ಲ ಬರೆಯಲು ಹೋಗಬೇಡಿ. ಹಾಗಂತ ಜಾಸ್ತಿ ಮೊಟಕು ಮಾಡುವುದೂ ಬೇಡ. ಈ ಸಾಲು ನೋಡಿ: ‘ಹೊಸ ಯಂತ್ರದ ಬಗ್ಗೆ ಚರ್ಚೆಯಾಯಿತು, ಖರೀದಿಗೆ ಒಪ್ಪಲಾಯಿತು.’ ಯಾವ ಯಂತ್ರ? ಯಾರಿಂದ? ಸಹಿ ಯಾರು ಹಾಕಬೇಕು? ಏನೂ ಗೊತ್ತಾಗುವುದಿಲ್ಲ, ಅಲ್ವಾ? ಅದನ್ನೇ ಹೀಗೆ ಬರೆಯಬಹುದು: ‘ಪ್ಯಾಕಿಂಗ್ ಯಂತ್ರಕ್ಕೆ ಬಂದ ಮೂರು ಕೊಟೇಶನ್‌ಗಳನ್ನು ಬೋರ್ಡ್ ಪರಿಶೀಲಿಸಿತು. ಎರಡನೆಯದರ ಬೆಲೆ ಹೆಚ್ಚಿದ್ದರೂ ಐದು ವರ್ಷದ ಸರ್ವಿಸ್ ಸೇರಿರುವುದರಿಂದ ಅದನ್ನೇ ಒಪ್ಪಲಾಯಿತು. ಒಪ್ಪಂದಕ್ಕೆ ಸಹಿ ಹಾಕಲು ವ್ಯವಸ್ಥಾಪಕ ನಿರ್ದೇಶಕರಿಗೆ ಅಧಿಕಾರ ನೀಡಲಾಯಿತು.’ ಮೂರೇ ವಾಕ್ಯ. ಮುಂದೆ ಯಾರಾದರೂ ‘ದುಬಾರಿಯದ್ದನ್ನು ಯಾಕೆ ತಗೊಂಡ್ರಿ’ ಎಂದು ಕೇಳಿದರೆ ಉತ್ತರ ಅಲ್ಲೇ ಇದೆ.

ಯಾರಾದರೂ ವಿರೋಧಿಸಿದರೆ ಅವರ ಹೆಸರು ಬರೆಯಿರಿ. ಯಂತ್ರ ಮಾರುವವರು ಒಬ್ಬ ನಿರ್ದೇಶಕರ ನೆಂಟರಾಗಿದ್ದರೆ, ಅದನ್ನು ಅವರು ಸಭೆಗೆ ತಿಳಿಸಿದ್ದನ್ನೂ, ಆ ಚರ್ಚೆಯಿಂದ ಹೊರಗೆ ಉಳಿದದ್ದನ್ನೂ ತಪ್ಪದೆ ದಾಖಲಿಸಿ. ‘ಬಿಸಿಬಿಸಿ ಚರ್ಚೆ’, ‘ಸಿಟ್ಟಿನಿಂದ ಹೇಳಿದರು’ ಇಂಥ ಬಣ್ಣದ ಮಾತು ಬೇಡ. ನಿರ್ಣಯದ ಮಾತು ಗೊಂದಲವೆನಿಸಿದರೆ ಅಲ್ಲೇ ಕೈ ಎತ್ತಿ, ‘ಇದನ್ನು ಹೀಗೆ ಬರೆದುಕೊಳ್ಳಲೇ’ ಎಂದು ಓದಿ ಹೇಳಿ. ಸಂಕೋಚ ಬೇಡ, ಎಲ್ಲರಿಗೂ ಇದರಿಂದ ಅನುಕೂಲವೇ.

ಧ್ವನಿಮುದ್ರಣ ಮಾಡುವುದಿದ್ದರೆ ಎಲ್ಲರಿಗೂ ಮೊದಲೇ ತಿಳಿಸಿ. ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ಬೋರ್ಡ್ ಮೊದಲೇ ತೀರ್ಮಾನಿಸಲಿ. ರೆಕಾರ್ಡಿಂಗ್ ಇದೆ ಎಂದು ಕೈಬರಹದ ಟಿಪ್ಪಣಿ ಬಿಡಬೇಡಿ. ಮೂರು ಗಂಟೆಯ ಆಡಿಯೋದಲ್ಲಿ ಒಂದು ವಾಕ್ಯ ಹುಡುಕುವುದು ಎಷ್ಟು ಕಷ್ಟ ಎಂದು ಹುಡುಕಿದವರಿಗೇ ಗೊತ್ತು.

ಕರಡನ್ನು ಅದೇ ದಿನ, ಹೆಚ್ಚೆಂದರೆ ಮಾರನೆಯ ದಿನ ಬರೆದು ಮುಗಿಸಿ. ವಾರ ಕಳೆದರೆ ನಿಮ್ಮದೇ ಟಿಪ್ಪಣಿ ನಿಮಗೆ ಅರ್ಥವಾಗುವುದಿಲ್ಲ. ಗಡುವು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಕರಡು 15 ದಿನದೊಳಗೆ ನಿರ್ದೇಶಕರಿಗೆ ತಲುಪಬೇಕು, ಅವರು 7 ದಿನದೊಳಗೆ ತಿದ್ದುಪಡಿ ಹೇಳಬೇಕು, ಸಭೆ ಮುಗಿದ 30 ದಿನದೊಳಗೆ ನಡಾವಳಿ ಪುಸ್ತಕ ಸೇರಬೇಕು. ಒಮ್ಮೆ ಪುಸ್ತಕ ಸೇರಿದ ಮೇಲೆ ಸುಮ್ನೆ ತಿದ್ದುವ ಹಾಗಿಲ್ಲ. ತಪ್ಪಿದ್ದರೆ ಮುಂದಿನ ಸಭೆಯ ಒಪ್ಪಿಗೆ ಪಡೆದೇ ಸರಿಪಡಿಸಬೇಕು. ನಡಾವಳಿಯನ್ನು ತಿರುಚಿದವರಿಗೆ 2013ರ ಕಂಪನಿ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಪುಸ್ತಕದ ಪುಟಗಳಿಗೆ ಒಂದಾದ ಮೇಲೊಂದು ಸಂಖ್ಯೆ ಇರಲಿ. ಪ್ರತಿ ಪುಟಕ್ಕೂ ಅಧ್ಯಕ್ಷರ ಸಹಿ ಅಥವಾ ಇನಿಶಿಯಲ್, ಕೊನೆಯ ಪುಟದಲ್ಲಿ ಪೂರ್ತಿ ಸಹಿ ಮತ್ತು ದಿನಾಂಕ ಬೇಕು. ಬೇರೆ ಹಾಳೆಯಲ್ಲಿ ಬರೆದು ಅಂಟಿಸಬೇಡಿ. ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ.

ಬ್ರಿಟನ್ನಿನ 2006ರ ಕಾಯ್ದೆ ನಡಾವಳಿಯನ್ನು ಕನಿಷ್ಠ 10 ವರ್ಷ ಇಡಬೇಕು ಎನ್ನುತ್ತದೆ. ಭಾರತದಲ್ಲಿ ಶಾಶ್ವತವಾಗಿ ಇಡಬೇಕು. ಮೂಲ ಪ್ರತಿ ಬೀಗದೊಳಗೆ, ಸ್ಕ್ಯಾನ್ ಪ್ರತಿ ಬೇರೆ ಜಾಗದಲ್ಲಿ ಇರಲಿ. ಜೊತೆಗೆ ನಿರ್ಣಯಗಳ ಒಂದು ಸೂಚಿ ಮಾಡಿ: ವಿಷಯ, ಸಭೆಯ ದಿನಾಂಕ, ಪುಟ ಸಂಖ್ಯೆ. ಸಾಲದ ಕಡತ ಹಿಡಿದು ಬ್ಯಾಂಕಿನವರು ಹಳೆಯ ನಿರ್ಣಯ ಕೇಳಿದ ದಿನ, ಆ ಪುಟ ಎರಡು ನಿಮಿಷದಲ್ಲಿ ಕೈಗೆ ಸಿಗುತ್ತದೆ.