ಎಂಡ್ ಟರ್ನ್ ಒತ್ತುವ ಮೊದಲು

ಸರದಿ ಪ್ರಕಾರ ಆಡುವ ಕಂಪ್ಯೂಟರ್ ಗೇಮ್‌ಗಳ ಮೇಲೆ ನನಗಿದ್ದ ತಕರಾರುಗಳು ಹೊಸವೇನಲ್ಲ. ಬಲು ನಿಧಾನ. ಗುರಿ ಬೀಳುವ ಸಾಧ್ಯತೆ ಶೇ. 90 ಎಂದು ತೋರಿಸಿ ಕೊನೆಗೆ ತಪ್ಪಿಸಿಬಿಡುವ ಅದೃಷ್ಟದ ಕಾಟ. ತಲೆ ಓಡಿಸುವ ಆಟವೇ ಬೇಕಿದ್ದರೆ ಚೆಸ್ ಇದೆಯಲ್ಲ? ಹಾಸನದ ಸೈಬರ್ ಕೆಫೆಗಳಲ್ಲಿ ಕೌಂಟರ್ ಸ್ಟ್ರೈಕ್ ಎಂಬ ಶೂಟಿಂಗ್ ಆಟ ಆಡಿ ಬೆಳೆದವರನ್ನು ಕೇಳಿ ನೋಡಿ, ಬಹುಪಾಲು ಇದನ್ನೇ ಹೇಳುತ್ತಾರೆ. ನನ್ನ ಅಭಿಪ್ರಾಯ ಬದಲಾದದ್ದು ಒಂದು ವಿಷಯ ತಿಳಿದ ಮೇಲೆ: ಇಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಎದುರಾಳಿಯ ಸರದಿಯಲ್ಲಿ. ನಮ್ಮ ಸರದಿಯಿರುವುದು ಅದಕ್ಕೆ ತಯಾರಿ ಮಾಡಿಕೊಳ್ಳಲು. ಇದು ಕಣ್ಣಿಗೆ ಕಾಣುವವರೆಗೆ ನಿಧಾನ ಬೇಸರ ತರಿಸುತ್ತದೆ, ಅದೃಷ್ಟ ಮೋಸದಂತೆ ಕಾಣುತ್ತದೆ.

ಎಲ್ಲರೂ ಮೊದಲು ಹೇಳುವ ಹೆಸರು ಸಿವಿಲೈಸೇಶನ್. ಸಾಮ್ರಾಜ್ಯ ಕಟ್ಟುವ, 1991ರಿಂದ ಬರುತ್ತಿರುವ ದೊಡ್ಡ ಆಟ, ಒಳ್ಳೆಯ ಆಟವೂ ಹೌದು. ಆದರೆ ನಂಬಿಕೆಯಿಲ್ಲದವರು ಅದರಿಂದ ಶುರು ಮಾಡಬಾರದು. ಇಂದು ತೆಗೆದುಕೊಂಡ ನಿರ್ಧಾರದ ಫಲ ಎಷ್ಟೋ ಸರದಿಗಳಾದ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಯಾವ ನಡೆಗೆ ಯಾವ ಫಲ ಎಂಬುದೇ ಮರೆತುಹೋಗಿರುತ್ತದೆ. ಕಲಿಯುವವರಿಗೆ ಬೇಕಾದದ್ದು ಫಲ ಮುಂದಿನ ಸರದಿಯಲ್ಲೇ ಮುಖಕ್ಕೆ ಬಂದು ಹೊಡೆಯುವ ಆಟ.

ಹಾಗಾಗಿ ಮೊದಲು ಇನ್‌ಟು ದ ಬ್ರೀಚ್. 2018ರದ್ದು. 8×8 ಮನೆಗಳ ಹಾಸು, ನಮ್ಮವು ಮೂರೇ ಯಂತ್ರಗಳು. ಶತ್ರು ಹುಳುಗಳು ಮುಂದೆ ಯಾವ ಮನೆಗೆ ಹೊಡೆಯಲಿವೆ ಎಂಬುದು ನಮ್ಮ ಸರದಿ ಬರುವ ಮೊದಲೇ ಪರದೆಯ ಮೇಲೆ ಬರೆದಿರುತ್ತದೆ. ಆಲ್ಟ್ ಕೀ ಒತ್ತಿ ಹಿಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೂ ಕಾಣುತ್ತದೆ. ಹೊಸಬರು ಹುಳುಗಳನ್ನು ಕೊಲ್ಲಲು ಹೊರಡುತ್ತಾರೆ, ಅಲ್ಲೇ ಕೆಡುತ್ತದೆ. ಕಾಪಾಡಬೇಕಾದದ್ದು ಕಟ್ಟಡಗಳನ್ನು. ಕಟ್ಟಡಕ್ಕೆ ಪೆಟ್ಟು ಬಿದ್ದಂತೆಲ್ಲ ವಿದ್ಯುತ್ ಗ್ರಿಡ್ ಇಳಿಯುತ್ತದೆ, ಅದು ಸೊನ್ನೆಯಾದರೆ ಆಟ ಮುಗಿಯಿತು. ಹುಳುವನ್ನು ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಅದರ ಏಟೂ ಒಂದು ಮನೆ ಸರಿಯುತ್ತದೆ, ಎಷ್ಟೋ ಸಲ ಇನ್ನೊಂದು ಹುಳುವಿನ ಮೇಲೇ ಬೀಳುತ್ತದೆ. ಎರಡು ಹುಳುಗಳು ಡಿಕ್ಕಿಯಾದರೆ ಎರಡಕ್ಕೂ 1 ಪೆಟ್ಟು. ನೀರಿಗೆ ತಳ್ಳಿದರೆ ನೆಲದ ಮೇಲೆ ನಡೆಯುವ ಸಾಧಾರಣ ಹುಳು ಅಲ್ಲೇ ಸಾಯುತ್ತದೆ. ಹೊಸ ಹುಳು ಮೇಲೇಳಲಿರುವ ಗುಂಡಿಯ ಮೇಲೆ ಯಂತ್ರ ನಿಲ್ಲಿಸಿದರೆ 1 ಪೆಟ್ಟು ತಿಂದು ಅದನ್ನು ತಡೆಯಬಹುದು.

ಇಲ್ಲಿ ನಾನು ಇಟ್ಟುಕೊಂಡ ಕ್ರಮ ಹೀಗೆ. ಮೊದಲು ಕಟ್ಟಡಕ್ಕೆ ಗುರಿಯಿಟ್ಟಿರುವ ಏಟುಗಳನ್ನು ಮಾತ್ರ ಎಣಿಸುವುದು. ಒಂದೇ ತಳ್ಳಿನಲ್ಲಿ ಎರಡು ಏಟು ತಪ್ಪಿಸುವ ದಾರಿ ಹುಡುಕುವುದು. ಉಳಿದ ಯಂತ್ರಕ್ಕೆ ಕೊಲ್ಲುವ ಕೆಲಸ ಕೊಡುವುದು. ಚಲನೆಯನ್ನು ಅನ್‌ಡೂ ಮಾಡಬಹುದು, ಹೊಡೆದ ಮೇಲೆ ಆಗದು. ಇಡೀ ಸರದಿಯನ್ನು ಹಿಂದಕ್ಕೆ ತಿರುಗಿಸುವ ಅವಕಾಶ ಒಂದು ಕಾಳಗಕ್ಕೆ ಒಂದೇ ಸಲ. ಅದೃಷ್ಟ ಇಲ್ಲಿ ಬಹುತೇಕ ಇಲ್ಲ, ಹೀಗಾಗಿ ‘ಮೋಸ’ ಎಂಬ ನೆಪಕ್ಕೆ ಜಾಗವಿಲ್ಲ. ಚೆಸ್‌ಗೆ ಹೋಲಿಸುವವರಿಗೂ ಉತ್ತರ ಇಲ್ಲೇ ಇದೆ: ಚೆಸ್‌ನಲ್ಲಿ ಎದುರಾಳಿಯ ಮುಂದಿನ ನಡೆಯನ್ನು ಊಹಿಸಬೇಕು, ಇಲ್ಲಿ ಅದು ಪೂರ್ತಿ ತಿಳಿದಿದ್ದರೂ ಸಾಕಾಗದು.

ಅದೃಷ್ಟದ ಲೆಕ್ಕ ಕಲಿಯಲು ದ ಬ್ಯಾಟಲ್ ಫಾರ್ ವೆಸ್ನಾತ್‌ಗೆ ಸಮನಾದದ್ದು ನಾನು ಕಂಡಿಲ್ಲ. 2003ರಿಂದ ಬೆಳೆಯುತ್ತಿರುವ ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಆರು ಮೂಲೆಯ ಮನೆಗಳು. ಗುರಿ ಬೀಳುವ ಸಾಧ್ಯತೆಯನ್ನು ನಿರ್ಧರಿಸುವುದು ಹೊಡೆಸಿಕೊಳ್ಳುವವನು ನಿಂತಿರುವ ನೆಲ. ಸಾಧಾರಣ ಮನುಷ್ಯ ಯೋಧನಿಗೆ ಕೋಟೆ ಮತ್ತು ಹಳ್ಳಿಯಲ್ಲಿ ಶೇ. 60 ರಕ್ಷಣೆ (ಅಂದರೆ ಏಟು ತಗಲುವ ಸಾಧ್ಯತೆ ಉಳಿದ 40), ಕಾಡು ಗುಡ್ಡದಲ್ಲಿ 50, ಬಯಲಲ್ಲಿ 40, ಆಳವಿಲ್ಲದ ನೀರಲ್ಲಿ 20. ನಡೆಯಲು ಬಯಲಿಗೆ 1 ಅಂಕ, ಗುಡ್ಡಕ್ಕೆ 2, ಬೆಟ್ಟಕ್ಕೆ 3 ಖರ್ಚು. ಆಟದಲ್ಲಿ ಬರುವ ರಾಕ್ಷಸರಂಥ ಜಾತಿ ಆರ್ಕ್‌ಗಳಿಗೆ ಗುಡ್ಡವೂ 1 ಅಂಕವೇ. ಗುಡ್ಡ ಹತ್ತಿಳಿಯುವವನ ವೇಗ ಬೇರೆ ಎಂಬುದನ್ನು ಮೂಡಿಗೆರೆ ಕಡೆಯವರಿಗೆ ವಿವರಿಸಬೇಕಿಲ್ಲ.

ಇದರ ಮೇಲೆ ಹಗಲು ರಾತ್ರಿ. ಆರು ಸರದಿಗೆ ಒಂದು ದಿನ: ಮುಂಜಾವು, ಬೆಳಗು, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. ಮನುಷ್ಯ ಸೈನಿಕರಲ್ಲಿ ಹೆಚ್ಚಿನವರಿಗೆ ಬೆಳಗು, ಮಧ್ಯಾಹ್ನ ಶೇ. 25 ಹೆಚ್ಚು ಬಲ, ರಾತ್ರಿ ಅಷ್ಟೇ ಕಡಿಮೆ. ಆರ್ಕ್‌ಗಳಿಗೆ ಇದು ತಿರುಗಾಮುರುಗಾ. ಈಟಿಯವ, ಅಂದರೆ ಸ್ಪಿಯರ್‌ಮನ್, ಒಂದು ದಾಳಿಯಲ್ಲಿ 7ರಂತೆ ಮೂರು ಏಟು ಹಾಕುತ್ತಾನೆ. ಆರ್ಕ್‌ಗಳ ಕಾಲಾಳು ಗ್ರಂಟ್ 9ರಂತೆ ಎರಡು. ಹಗಲಲ್ಲಿ ಇದು 9×3ಕ್ಕೆ ಎದುರಾಗಿ 7×2 ಆಗುತ್ತದೆ, ರಾತ್ರಿ 5×3ಕ್ಕೆ ಎದುರಾಗಿ 11×2. ಅದೇ ಇಬ್ಬರು, ಅದೇ ಜಾಗ, ಯುದ್ಧವೇ ಬೇರೆ. ಆದ್ದರಿಂದ ಈಟಿಯವರು ಮುಂಜಾವಿಗೆ ಶತ್ರುವಿನ ಹತ್ತಿರ ತಲುಪಬೇಕು, ಎರಡು ಸರದಿ ಹೊಡೆಯಬೇಕು, ಮುಸ್ಸಂಜೆಗೆ ಹಳ್ಳಿ ಕೋಟೆಗಳಿಗೆ ಹಿಂದೆ ಸರಿಯಬೇಕು. ಗೆಲ್ಲುತ್ತಿರುವಾಗ ಹಿಂದೆ ಸರಿಯುವುದು ಶೂಟಿಂಗ್ ಆಟಗಳಿಂದ ಬಂದವರ ಕೈಗೆ ಒಗ್ಗುವುದೇ ಇಲ್ಲ, ಹೆಚ್ಚಿನ ಸೋಲು ಹುಟ್ಟುವುದೂ ಅಲ್ಲೇ.

ಈಗ ಸರದಿ ಮುಗಿಸುವ ಮುಂಚಿನ ತಪಾಸಣೆ. ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಶತ್ರುಗಳು ತಲುಪಬಲ್ಲ ಮನೆಗಳೆಲ್ಲ ಕಾಣುತ್ತವೆ. ನಮ್ಮ ಒಬ್ಬೊಬ್ಬನ ಸುತ್ತ ಶತ್ರು ಬಂದು ನಿಲ್ಲಬಹುದಾದ ಖಾಲಿ ಮನೆಗಳೆಷ್ಟು ಎಂದು ಎಣಿಸಿ ಗುಣಿಸಬೇಕು. ರಾತ್ರಿ ಬಯಲಲ್ಲಿ ನಿಂತ ಈಟಿಯವನಿಗೆ ಒಂದು ಗ್ರಂಟ್‌ನಿಂದ ಸರಾಸರಿ 11×2×0.6, ಅಂದರೆ 13.2 ಪೆಟ್ಟು. ಮೂರು ಮನೆ ಖಾಲಿಯಿದ್ದರೆ 39.6. ಅವನಿಗಿರುವ ಜೀವ 36. ಸತ್ತನೆಂದೇ ಲೆಕ್ಕ. ಅವನೇ ಕೋಟೆಯಲ್ಲಿದ್ದರೆ ಮೂವರಿಂದ 26.4, ಬದುಕುವ ಸಂಭವವೇ ಹೆಚ್ಚು. ಬಯಲಲ್ಲೇ ಇದ್ದರೂ ಸಾಲುಗಟ್ಟಿ ನಿಂತು ಖಾಲಿ ಮನೆ ಎರಡಕ್ಕೆ ಇಳಿದರೆ ಆಗಲೂ 26.4. ಅಂದರೆ ಸರಿಯಾದ ಸಾಲು ಕೋಟೆಯ ಬೆಲೆ ಬಾಳುತ್ತದೆ. ಬಿಡಿಬಿಡಿಯಾಗಿ ಮುಂದೆ ನುಗ್ಗಿದವನಿಗೆ ಆರು ಕಡೆಯಿಂದಲೂ ಬೀಳುತ್ತದೆ.

ಸಾಲು ಎಂದರೆ ಮೈಗೆ ಮೈ ತಾಗಿಸಿ ನಿಲ್ಲಲೇಬೇಕೆಂದಿಲ್ಲ. ಲೆವೆಲ್ 1 ಅಥವಾ ಮೇಲಿನ ಯೋಧನ ಪಕ್ಕದ ಮನೆಗೆ ಕಾಲಿಟ್ಟ ಸಾಧಾರಣ ಶತ್ರು ಅಲ್ಲೇ ನಿಲ್ಲಬೇಕಾಗುತ್ತದೆ. ಇಬ್ಬರ ನಡುವೆ ಎರಡು ಮನೆ ಖಾಲಿ ಬಿಟ್ಟರೂ ಆ ಸರದಿಯಲ್ಲಿ ಅಂಥವರು ಯಾರೂ ನುಸುಳಲಾಗದು, ಮೂರು ಬಿಟ್ಟರೆ ಸೋರುತ್ತದೆ. ಹುಲಿ-ಕುರಿ ಆಟದಲ್ಲಿ ಕುರಿ ಆಡಿದವರಿಗೆ ಈ ಬುದ್ಧಿ ಬೇಗ ಹತ್ತುತ್ತದೆ: ಹಿಂದೆ ಖಾಲಿ ಮನೆ ಬಿಟ್ಟರೆ ಹುಲಿ ಹಾರುತ್ತದೆ. ಆದರೆ ಅಂತರ ಬಿಟ್ಟ ಸಾಲಿನಲ್ಲಿ ಒಬ್ಬೊಬ್ಬನ ಮೈಗೆ ತಾಗುವ ಶತ್ರುಗಳು ಹೆಚ್ಚು. ದಾರಿ ತಡೆಯಲು ಮಾತ್ರ ಅದನ್ನು ಬಳಸಬೇಕು, ಕಾದಾಡಲು ಅಲ್ಲ.

ದಾಳಿಯ ಕ್ರಮಕ್ಕೂ ಲೆಕ್ಕವಿದೆ. ಗ್ರಂಟ್ ಬಳಿ ದೂರದಿಂದ ಹೊಡೆಯುವ ಆಯುಧವಿಲ್ಲ, ಆದ್ದರಿಂದ ಮಂತ್ರವಾದಿ ಮೇಜ್ ಹೊಡೆದರೆ ತಿರುಗೇಟಿಲ್ಲ. ಮೇಜ್‌ನ ಮಂತ್ರಕ್ಕೆ ನೆಲ ಯಾವುದಾದರೂ ಶೇ. 70 ಗುರಿ. ಅವನನ್ನೇ ಮೊದಲು ಬಿಡಬೇಕು ಅನ್ನಿಸುತ್ತದೆ. ಆದರೆ ದಾಳಿ ಮಾಡಿದವನು ಆ ಸರದಿಯಲ್ಲಿ ಮತ್ತೆ ಕದಲಲಾರ, ಮೇಜ್‌ಗಿರುವುದು 24 ಜೀವ. ರಾತ್ರಿ ಗ್ರಂಟ್‌ನ ಮೂರು ಏಟು ಬಿದ್ದರೆ ಮುಗಿಯಿತು. ಹೊಡೆದಾದ ಮೇಲೆ ಅವನ ಪಕ್ಕ ಒಂದೇ ಶತ್ರು ನಿಲ್ಲಲು ಸಾಧ್ಯವಿರುವ ಮನೆಯನ್ನು ಮೊದಲೇ ಅವನಿಗಾಗಿ ಕಾದಿಡಬೇಕು, ಬೇರೆ ಮನೆಗಳಿಗೆ ಈಟಿಯವರನ್ನು ತುಂಬಬೇಕು.

ದಾಳಿಯ ಕಿಟಕಿಯಲ್ಲಿ ಪೆಟ್ಟಿನ ಲೆಕ್ಕ ತೋರಿಸುವ ಬಟನ್ ಇದೆ, ಒಂದೊಂದು ಫಲಿತಾಂಶದ ಸಾಧ್ಯತೆಯೂ ಅಲ್ಲಿ ಸಿಗುತ್ತದೆ. ಹಗಲಲ್ಲಿ ಬಯಲಿನ ಗ್ರಂಟ್‌ಗೆ 18 ಜೀವ ಉಳಿದಿದ್ದರೆ ಈಟಿಯವನ ಮೂರರಲ್ಲಿ ಎರಡು ಏಟು ಬೀಳಬೇಕು. ಸಾಧ್ಯತೆ ಶೇ. 64.8. ಮೂರೂ ತಪ್ಪುವ ಸಾಧ್ಯತೆ 6.4. ಇದು ಅಪರೂಪ ಅನ್ನಿಸಬಹುದು. ಆದರೆ ಆರು ಜನ ಹೀಗೆ ದಾಳಿ ಮಾಡುವ ಸರದಿಯಲ್ಲಿ ಒಬ್ಬನಾದರೂ ಮೂರೂ ಏಟು ಕಳೆದುಕೊಳ್ಳುವ ಸಾಧ್ಯತೆ ಸುಮಾರು ಶೇ. 33. ಮೂರು ಸರದಿಗೊಮ್ಮೆ ಆಗುವುದನ್ನು ಮೋಸ ಎನ್ನಲಾದೀತೇ? ಅದಕ್ಕೆ ಜಾಗ ಬಿಟ್ಟೇ ಯೋಜನೆ ಹಾಕಬೇಕು. ಒಬ್ಬನ ಕೈ ತಪ್ಪಿದರೆ ತುಂಬಲು ದಾಳಿ ಮಾಡದ ಒಬ್ಬನನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ನನ್ನ ಪದ್ಧತಿ. ಏಟು ತಪ್ಪಿತೆಂದು ಸೇವ್ ಲೋಡ್ ಮಾಡುತ್ತ ಹೋದರೆ ಈ ಅಭ್ಯಾಸ ಹುಟ್ಟುವುದೇ ಇಲ್ಲ.

ಹಣದ ಕಡೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಾಮಾನ್ಯವಾಗಿ ಸರದಿಗೆ ಹಳ್ಳಿಯೊಂದಕ್ಕೆ 2 ಚಿನ್ನ, ಜೊತೆಗೆ ಮೂಲ ಆದಾಯ 2. ಲೆವೆಲ್ 1 ಯೋಧನೊಬ್ಬನಿಗೆ 1 ಚಿನ್ನ ಖರ್ಚು, ಆದರೆ ಆ 2 ಚಿನ್ನವಲ್ಲದೆ ಒಂದು ಹಳ್ಳಿ ಒಬ್ಬನ ಖರ್ಚನ್ನೂ ಭರಿಸುತ್ತದೆ. ಐದು ಹಳ್ಳಿ, ಏಳು ಯೋಧರಿದ್ದರೆ ಕೈಗೆ ಬರುವುದು 10. ಈಟಿಯವನ ಬೆಲೆ 14. ಗಾಯಗೊಂಡವನು ಹಳ್ಳಿಯಲ್ಲಿ ನಿಂತರೆ ಸರದಿಗೆ 8 ಜೀವ ವಾಪಸು. ಶತ್ರುವನ್ನು ಮುಗಿಸುವ ಕೊನೆಯ ಏಟನ್ನು ಮುಂದಿನ ಲೆವೆಲ್‌ಗೆ ಹತ್ತಿರವಿರುವವನಿಗೆ ಬಿಟ್ಟುಕೊಡಿ: ಕೊಂದದ್ದಕ್ಕೆ ಶತ್ರುವಿನ ಲೆವೆಲ್‌ನ ಎಂಟರಷ್ಟು ಅನುಭವ ಸಿಗುತ್ತದೆ, ಬರೀ ಕಾದಾಡಿದ್ದಕ್ಕೆ ಲೆವೆಲ್‌ನಷ್ಟೇ. ಲೆವೆಲ್ ಏರಿದವನ ಜೀವವೂ ಪೂರ್ತಿ ತುಂಬುತ್ತದೆ. ಇನ್ನೊಂದು ಮಾತು, ಎಲುಬುಗೂಡಿನ ಸೈನ್ಯ ಎದುರಾದರೆ ಈಟಿಯವರನ್ನು ಕೊಳ್ಳಬೇಡಿ. ಚುಚ್ಚುವ ಆಯುಧ ಅವಕ್ಕೆ ನಾಟದು, ಬೆಂಕಿ ಮತ್ತು ಗದೆ ಬೇಕು.

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಎರಡನ್ನೂ ನಂಬಿ ಆನ್‌ಲೈನ್ ಆಟ ಆಡುವುದು ಕಷ್ಟ. ವೆಸ್ನಾತ್ ಪ್ರತಿ ಸರದಿಯ ಶುರುವಿನಲ್ಲಿ ತಾನೇ ಸೇವ್ ಮಾಡಿಕೊಳ್ಳುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿಹೋದರೂ ನಷ್ಟವಾಗುವುದು ಆ ಒಂದು ಸರದಿ ಮಾತ್ರ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಬೇಡ. ಮನೆಯಲ್ಲಿ ಇಬ್ಬರಿದ್ದರೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಸರದಿಯಂತೆ ಕುಳಿತು ಎದುರುಬದುರಾಗಿ ಆಡಬಹುದು. ಕಂಪ್ಯೂಟರಿಗಿಂತ ಮನುಷ್ಯ ಎದುರಾಳಿ ಎಷ್ಟೋ ಮೇಲು. ಕಂಪ್ಯೂಟರ್ ಬಹುಮಟ್ಟಿಗೆ ಹಗಲು ರಾತ್ರಿ ನೋಡದೆ ಮುನ್ನುಗ್ಗುತ್ತದೆ, ಮನುಷ್ಯ ಕತ್ತಲಿಗಾಗಿ ಕಾಯುತ್ತಾನೆ.

ಇಷ್ಟು ಕೈಗೆ ಹತ್ತಿದ ಮೇಲೆ 2012ರ ಎಕ್ಸ್‌ಕಾಮ್ ಎನಿಮಿ ಅನ್‌ನೋನ್ ಸುಲಭ. ಅರ್ಧ ಮರೆಗೆ 20, ಪೂರ್ಣ ಮರೆಗೆ 40 ರಕ್ಷಣೆ, ಮಗ್ಗುಲಿಂದ ಹೊಡೆದರೆ ಎರಡೂ ಸೊನ್ನೆ. ಅಲ್ಲಿ ಆಟದ ಸೆಟ್ಟಿಂಗ್ ಬದಲಿಸದಿದ್ದರೆ, ಹಳೆಯ ಸೇವ್ ತೆರೆದು ಅದೇ ಗುಂಡು ಹಾರಿಸಿದರೆ ಫಲಿತಾಂಶ ಬದಲಾಗದು. ಹೊಸ ಜಾಗ ಕಣ್ಣಿಗೆ ಬೀಳುವಂತೆ ಹೆಜ್ಜೆಯಿಡುವುದು ಸರದಿಯ ಮೊದಲ ಸೈನಿಕನಿಂದ ಮಾತ್ರ. ಕೊನೆಯವನಿಂದ ಮಾಡಿಸಿದರೆ, ಎಚ್ಚೆತ್ತ ಶತ್ರುಗಳಿಗೆ ಉತ್ತರ ಕೊಡಲು ಯಾರ ಬಳಿಯೂ ನಡೆ ಉಳಿದಿರುವುದಿಲ್ಲ.